ಮೊಟ್ಟೆಯ ಲೆಕ್ಕ

'ಚಿಕನ್ ರನ್' ಎಂಬ ಇಂಗ್ಲಿಷ್ ಚಿತ್ರವನ್ನು ನಿಮ್ಮ ಮನೆಯ ಮಕ್ಕಳು ನೋಡಿರಬಹುದು. ಅಡುಗೆಮನೆಯಿಂದಲೇ ಅದರ ಗದ್ದಲ ಕೇಳಿಸಿಕೊಂಡ ನೀವು, ಮಕ್ಕಳ ಕಾರ್ಟೂನ್ ತಾನೇ ಎಂದು ಸುಮ್ಮನಾಗಿರಬಹುದು. ಇನ್ನೊಮ್ಮೆ ಅವರು ಹಾಕಿದಾಗ ಒಲೆ ಆರಿಸಿ ಪಕ್ಕದಲ್ಲಿ ಕುಳಿತುಕೊಳ್ಳಿ. ಅದು ಕೋಳಿಗಳ ಕಥೆ ನಿಜ. ಆದರೆ ಅದರಲ್ಲಿ ನಮ್ಮ ನಿಮ್ಮ ಮನೆಯ ಮಾತೂ ಇದೆ.

2000ನೇ ಇಸವಿಯಲ್ಲಿ ಬಂದ ಈ ಚಿತ್ರವನ್ನು ಇಂಗ್ಲೆಂಡಿನ ಆರ್ಡ್‌ಮನ್ ಸಂಸ್ಥೆಯ ಪೀಟರ್ ಲಾರ್ಡ್ ಮತ್ತು ನಿಕ್ ಪಾರ್ಕ್ ನಿರ್ದೇಶಿಸಿದರು. ತೆರೆಯ ಮೇಲೆ ಮನುಷ್ಯರಿಲ್ಲ, ಮಣ್ಣಿನಂತೆ ಮೆತ್ತಗಿನ ವಸ್ತುವಿನಿಂದ ಮಾಡಿದ ಗೊಂಬೆಗಳಿವೆ. ಗೊಂಬೆಯನ್ನು ಕೂದಲೆಳೆಯಷ್ಟು ಅಲುಗಿಸಿ ಒಂದು ಫೋಟೋ, ಮತ್ತೆ ಅಲುಗಿಸಿ ಇನ್ನೊಂದು ಫೋಟೋ. ಹೀಗೆ ಇಡೀ ಚಿತ್ರ. ಚನ್ನಪಟ್ಟಣದ ಗೊಂಬೆ ಕೆಲಸದವರ ನೆರೆಹೊರೆಯಲ್ಲಿ ಬೆಳೆದ ನನ್ನಂಥವರಿಗೆ ಆ ತಾಳ್ಮೆಯ ಬೆಲೆ ಯಾರೂ ಹೇಳಿಕೊಡಬೇಕಿಲ್ಲ.

ಕಥೆ ಟ್ವೀಡಿ ದಂಪತಿಯ ಕೋಳಿ ಫಾರಮ್ಮಿನದು. ಸುತ್ತ ಮುಳ್ಳುತಂತಿ, ಒಳಗೆ ಸಾಲು ಸಾಲು ಮರದ ಗೂಡು. ಜೈಲೆಂದರೆ ಜೈಲೇ. ಕೋಳಿಗಳು ಸೈನಿಕರಂತೆ ಸಾಲಾಗಿ ನಿಲ್ಲಬೇಕು. ಯಾವುದು ಎಷ್ಟು ಮೊಟ್ಟೆ ಇಟ್ಟಿತೆಂದು ಶ್ರೀಮತಿ ಟ್ವೀಡಿ ಲೆಕ್ಕ ನೋಡುತ್ತಾಳೆ. ಮೊಟ್ಟೆ ನಿಲ್ಲಿಸಿದ ಎಡ್ವಿನಾ ಎಂಬ ಕೋಳಿ ಕೊಡಲಿಯ ಪಾಲಾಗುತ್ತದೆ. ಮೊಟ್ಟೆಯ ಪುಡಿಗಾಸು ಸಾಲದೆ ಆಕೆ ಒಂದು ದೊಡ್ಡ ಯಂತ್ರ ತರಿಸುತ್ತಾಳೆ. ಒಂದು ಕಡೆಯಿಂದ ಕೋಳಿ ಹಾಕಿದರೆ ಇನ್ನೊಂದು ಕಡೆಯಿಂದ 'ಪೈ' ಬರುತ್ತದೆ. ನಮ್ಮ ಬೇಕರಿಯ ಪಫ್‌ಗೆ ದೊಡ್ಡಣ್ಣ ಅನ್ನಿ. ಅಲ್ಲಿಂದ ಕೋಳಿಗಳಿಗೆ ಮೇವು ಹೆಚ್ಚುತ್ತದೆ. ಎಲ್ಲವೂ ಹಿಗ್ಗಿ ತಿನ್ನುತ್ತವೆ. ಜಿಂಜರ್ ಎಂಬ ಕೋಳಿಗೆ ಮಾತ್ರ ಈ ಔದಾರ್ಯದ ಅರ್ಥ ಹೊಳೆಯುತ್ತದೆ.

ನಗು ಇದರ ನಡುವೆಯೇ ಇದೆ. ಕೈಯಿಂದ ಹೆಣಿಗೆ ಬಿಡದ ಬ್ಯಾಬ್ಸ್‌ಗೆ, ಕಾಣೆಯಾದ ಎಡ್ವಿನಾ ರಜೆಗೆ ಹೋಗಿರಬಹುದೆಂಬ ನಂಬಿಕೆ. ಕೂಲಿಯಾಗಿ ಮೊಟ್ಟೆಯನ್ನೇ ಕೇಳುವ ಎರಡು ಇಲಿಗಳು ಪಕ್ಕಾ ವ್ಯಾಪಾರಿಗಳು. ಕೋಳಿಗಳು ಏನೋ ಸಂಚು ಹೂಡುತ್ತಿವೆ ಎಂದು ಟ್ವೀಡಿ ಸಾಹೇಬರು ಬಡಕೊಂಡರೂ ಹೆಂಡತಿ ಕಿವಿಗೆ ಹಾಕಿಕೊಳ್ಳುವುದಿಲ್ಲ. ಹಾರಲು ಕಲಿಸುತ್ತೇನೆಂದು ಬಂದ ಹುಂಜ ರಾಕಿಗೆ ಹಾರಲು ಬರುವುದೇ ಇಲ್ಲ, ಸರ್ಕಸ್ಸಿನವರು ಅವನನ್ನು ಫಿರಂಗಿಯಿಂದ ಹಾರಿಸಿದ್ದಷ್ಟೇ!

ಮೊದಲ ಸಲ ನೋಡಿದಾಗ ನಾನು ನಕ್ಕಿದ್ದೇ ನಕ್ಕಿದ್ದು. ಮೊನ್ನೆ ಬೈರಾಪಟ್ಟಣದಲ್ಲಿ ತಂಗಿಯ ಮನೆಗೆ ಹೋದಾಗ ಮಕ್ಕಳ ಜೊತೆ ಮತ್ತೆ ನೋಡಿದೆ. ಚಿತ್ರ ಮುಗಿದ ಮೇಲೆ ಊಟಕ್ಕೆ ಕುಳಿತರೆ ತಟ್ಟೆಯಲ್ಲಿ ಕೋಳಿ ಸಾರು. ತಂಗಿಯ ಕಿರಿಮಗಳು ತುತ್ತೆತ್ತದೆ ಕೇಳಿದಳು, "ಖಾಲಾ, ನಾವೂ ಟ್ವೀಡಿಗಳೇನಾ?"

ಮಕ್ಕಳ ಇಂಥ ಪ್ರಶ್ನೆಗೆ ನೀವಾದರೆ ಏನು ಹೇಳುತ್ತೀರಿ? ಸುಮ್ಮನೆ ಉಣ್ಣು ಎಂದು ಗದರಿಸಬಹುದು. ನನಗೆ ಮನಸ್ಸಾಗಲಿಲ್ಲ. ನನ್ನ ದಾದಿಯ ವಿಷಯ ಹೇಳಿದೆ. ದಾದಿಯ ಹಿತ್ತಲಲ್ಲಿ ಏಳೆಂಟು ನಾಟಿ ಕೋಳಿಗಳಿದ್ದವು. ಮೊಟ್ಟೆ ಮಾರಿದ ದುಡ್ಡು ಅಕ್ಕಿ ಡಬ್ಬದ ತಳದಲ್ಲಿರುತ್ತಿತ್ತು. ಅದು ಅವರ ಸ್ವಂತ ದುಡ್ಡು, ದಾದಾ ಕೂಡ ಲೆಕ್ಕ ಕೇಳುತ್ತಿರಲಿಲ್ಲ. ಮೊಟ್ಟೆ ಕಡಿಮೆಯಾದ ಮುದಿ ಕೋಳಿಯನ್ನು ಕಾವಿಗೆ ಕೂರಿಸುತ್ತಿದ್ದರು. ನೆಂಟರು ಬಂದರೆ ಕೋಳಿ ಕೊಯ್ಯುವುದೂ ಇತ್ತು. ಆದರೆ ನೀರು ಕುಡಿಸದೆ ಕೊಯ್ಯಬಾರದು, ಅದರ ಕಣ್ಣೆದುರು ಚೂರಿ ಮಸೆಯಬಾರದು, ಒಂದರ ಮುಂದೆ ಇನ್ನೊಂದನ್ನು ಕೊಯ್ಯಬಾರದು. ದೀನ್ ಕಲಿಸಿದ ಈ ಮರ್ಯಾದೆಯನ್ನು ಅವರು ಒಮ್ಮೆಯೂ ತಪ್ಪಿಸಲಿಲ್ಲ. ಹೊಟ್ಟೆಗೆ ಬೇಕಾದಷ್ಟು ತೆಗೆದುಕೊಳ್ಳುವುದು ಬೇರೆ, ಜೀವವನ್ನೇ ಬರೀ ಅಂಕಿಯಾಗಿ ನೋಡುವುದು ಬೇರೆ ಎಂದೆ. ಮಗು ಅರ್ಧ ಒಪ್ಪಿತು. ನನ್ನೊಳಗೆ ಪ್ರಶ್ನೆ ಉಳಿಯಿತು.

ಏಕೆಂದರೆ ನಮ್ಮ ತಟ್ಟೆಯಲ್ಲಿದ್ದುದು ದಾದಿಯ ಕೋಳಿಯಲ್ಲ, ಫಾರಂ ಕೋಳಿ. ಇಂದು ಹಲವು ಕಡೆ ಮರಿ, ಮೇವು, ಔಷಧಿ ಕಂಪನಿಯದು. ಶೆಡ್ಡು, ನೀರು, ಕರೆಂಟು, ಮೈಮುರಿತ ರೈತನದು. ಸುಮಾರು ಆರು ವಾರದಲ್ಲಿ ಮರಿ ಎರಡು ಕಿಲೋ ತೂಗಬೇಕು. ತಿಂದ ಮೇವಿಗೆ ತಕ್ಕ ತೂಕ ಬರದಿದ್ದರೆ ರೈತನ ಕೂಲಿಗೆ ಕತ್ತರಿ. ಮೊಟ್ಟೆ ಕೋಳಿಯ ಪಾಡು ಇನ್ನೂ ಕಷ್ಟ. ತಂತಿ ಪಂಜರದಲ್ಲಿ ಅದಕ್ಕೆ ಒಂದು ಬರೆಯುವ ಹಾಳೆಯಷ್ಟೂ ಜಾಗವಿರುವುದಿಲ್ಲ. ಅಂಥ ಬರೀ ಪಂಜರಗಳನ್ನು ಯುರೋಪಿನ ಒಕ್ಕೂಟ 2012ರಿಂದ ನಿಷೇಧಿಸಿದೆ. 2023ರಲ್ಲಿ ಬಂದ ಈ ಚಿತ್ರದ ಎರಡನೇ ಭಾಗದಲ್ಲಿ ಟ್ವೀಡಿ 'ನಗೆಟ್' ಕಾರ್ಖಾನೆ ತೆರೆಯುತ್ತಾಳೆ. ಹೆದರಿದ ಕೋಳಿಯ ಮಾಂಸ ರುಚಿಸದೆಂದು ಅವುಗಳ ಕೊರಳಿಗೆ ಸದಾ ಖುಷಿಯಲ್ಲಿಡುವ ಪಟ್ಟಿ ಕಟ್ಟಿಸುತ್ತಾಳೆ. ಅಂಗಡಿಯ ಪೊಟ್ಟಣಗಳ ಮೇಲೆ ನಗುವ ಕೋಳಿಯ ಚಿತ್ರ ಕಂಡಾಗ ನನಗೆ ಈಗ ಆ ಪಟ್ಟಿಯೇ ನೆನಪಾಗುತ್ತದೆ.

ಸಹೋದರಿಯರೇ, ಈ ಲೆಕ್ಕದ ಪುಸ್ತಕ ಕೋಳಿಗೂಡಿನಲ್ಲೇ ನಿಲ್ಲುವುದಿಲ್ಲ. ನಮ್ಮ ಕಡೆಯಿಂದ ಎಷ್ಟೋ ಹೆಣ್ಣುಮಕ್ಕಳು ಗಾರ್ಮೆಂಟ್ಸ್‌ಗೆ ದುಡಿಯಲು ಹೋಗುತ್ತಾರೆ. ಗಂಟೆಗೆ ಇಷ್ಟು ಪೀಸು ಎಂಬ ಟಾರ್ಗೆಟ್. ಟಾಯ್ಲೆಟ್ಟಿಗೆ ಹೋಗಿ ಬರುವುದರೊಳಗೆ ಮುಂದೆ ಬಟ್ಟೆ ಗುಡ್ಡೆಯಾಗುತ್ತದೆಂದು ನೀರು ಕುಡಿಯುವುದನ್ನೇ ಬಿಟ್ಟವಳನ್ನು ನಾನು ಬಲ್ಲೆ. ಕಣ್ಣು ಮಂಜಾಗಿ ಕೈ ನಿಧಾನವಾದಾಗ ನಾಳೆಯಿಂದ ಬರಬೇಡ ಎಂದರಂತೆ. ರೇಷ್ಮೆ ನೂಲು ತೆಗೆಯುತ್ತ ಬಿಸಿನೀರಿನಲ್ಲಿ ಬೆರಳು ಬೆಂದವರನ್ನು ರಾಮನಗರ, ಚನ್ನಪಟ್ಟಣದ ಮೊಹಲ್ಲಾಗಳಲ್ಲಿ ಹುಡುಕಬೇಕಾಗಿಲ್ಲ. ಅವರಿಗೂ ಎಷ್ಟು ನೂಲು ಎಂಬುದೇ ಪ್ರಶ್ನೆ, ಬೆರಳು ಹೇಗಿದೆ ಎಂಬುದಲ್ಲ.

ಒಂದು ಸಂಗತಿ ಕೇಳಿ. ಮೊದಲ ಚಿತ್ರದಲ್ಲಿ ಜಿಂಜರ್‌ಗೆ ದನಿ ಕೊಟ್ಟವರು ಜೂಲಿಯಾ ಸವಾಲಾ ಎಂಬ ನಟಿ. ಎರಡನೇ ಭಾಗಕ್ಕೆ ಅವರನ್ನು ತೆಗೆದುಕೊಳ್ಳಲಿಲ್ಲ. ದನಿಗೆ ವಯಸ್ಸಾಗಿದೆ ಎಂಬ ಕಾರಣ ತಿಳಿಸಲಾಯಿತೆಂದು 2020ರಲ್ಲಿ ಅವರೇ ಬಹಿರಂಗವಾಗಿ ಹೇಳಿಕೊಂಡರು. ಮೊಟ್ಟೆ ನಿಂತ ಕೋಳಿಯ ಪರವಾಗಿ ನಮ್ಮ ಕಣ್ಣು ತೇವಗೊಳಿಸಿದ ಚಿತ್ರದ ಕಥೆಯಿದು!

ದೂರದವರನ್ನು ದೂರುವುದು ಸುಲಭ. ಸಂಪಾದನೆ ನಿಂತ ಅಬ್ಬಾನ ಔಷಧಿಯ ಚೀಟಿ ನೋಡಿ ನಮ್ಮ ಹುಬ್ಬು ಗಂಟಾಗುವುದಿಲ್ಲವೇ? ಸೊಸೆ ಎಷ್ಟು ತಂದಳು, ಎಷ್ಟು ಹೆತ್ತಳು, ಅದರಲ್ಲಿ ಗಂಡೆಷ್ಟು ಎಂದು ನಮ್ಮಲ್ಲಿ ಎಣಿಸುವವರಿಲ್ಲವೇ?

ಮುಳ್ಳುತಂತಿ ದಾಟಲು ಜಿಂಜರ್‌ಗೆ ಹಲವು ಅವಕಾಶಗಳಿದ್ದವು. ತಾನೊಬ್ಬಳೇ ಹೋಗುವುದಾದರೆ ಎಂದೋ ಹೋಗುತ್ತಿದ್ದಳು. ಮೊಟ್ಟೆ ಇಡುವವರು, ಇಡದವರು, ದಡ್ಡರು, ಮುದುಕರು ಎಲ್ಲರನ್ನೂ ಕರೆದುಕೊಂಡೇ ಹೋಗಬೇಕೆಂಬುದು ಅವಳ ಹಟ. ಕೊನೆಗೆ ಗೂಡಿನ ಹಲಗೆಗಳನ್ನೇ ಕಿತ್ತು, ವಿಮಾನ ಕಟ್ಟಿ, ಎಲ್ಲರೂ ಕೂಡಿ ತುಳಿದು ಹಾರುತ್ತಾರೆ. ಮಕ್ಕಳ ಜೊತೆ ಈ ಚಿತ್ರ ನೋಡಿ, ಮನಸಾರೆ ನಗಿ. ಮುಗಿದ ಮೇಲೆ, ಎಡ್ವಿನಾ ನಮ್ಮ ಮನೆಯಲ್ಲಿದ್ದಿದ್ದರೆ ಏನು ಮಾಡುತ್ತಿದ್ದೆವು ಎಂದು ಅವರನ್ನು ಕೇಳಿ. ಅವರ ಉತ್ತರವನ್ನು ನೀವೂ ಕಿವಿಗೊಟ್ಟು ಕೇಳಿಸಿಕೊಳ್ಳಿ.