ಬಣ್ಣದ ಹಂಡೆ

ಜರ್ಮನಿಯ ಬಾವುಟದಲ್ಲಿ ಕಪ್ಪು ಯಾಕಿದೆ ಎಂದು ಕೇಳಿದರೆ ಸಿದ್ಧ ಉತ್ತರವೊಂದಿದೆ: ದಾಸ್ಯದ ಕತ್ತಲೆ ಕಪ್ಪು, ಹೋರಾಟದ ನೆತ್ತರು ಕೆಂಪು, ಸ್ವಾತಂತ್ರ್ಯದ ಬೆಳಕು ಚಿನ್ನ. ಕೇಳಲು ಚೆಂದ, ಬಾಯಿಪಾಠಕ್ಕೂ ಸುಲಭ. ಆದರೂ ಪ್ರತಿಸಲ ಮನಸ್ಸಿಗೆ ಕಿರಿಕಿರಿ. ಆ ಉತ್ತರದಲ್ಲಿ ಮನುಷ್ಯರೇ ಇಲ್ಲ. ಬಟ್ಟೆಯನ್ನು ಬಣ್ಣಕ್ಕೆ ಅದ್ದಿದವರಿಲ್ಲ, ತೊಟ್ಟವರಿಲ್ಲ, ಹೊಲಿದವರಿಲ್ಲ.

ಈ ಮೂರು ಬಣ್ಣಗಳು ದೇಶಕ್ಕೆ ಬಂದದ್ದು ಕಾಲೇಜು ಹುಡುಗರ ಕೂಟವೊಂದರಿಂದ. ಆ ಹುಡುಗರಿಗೆ ಬಂದದ್ದು ಬಣ್ಣದ ಹಂಡೆಯಿಂದ.

1813ರಲ್ಲಿ ನೆಪೋಲಿಯನ್ ವಿರುದ್ಧ ಪ್ರಷ್ಯಾ ಎದ್ದು ನಿಂತಾಗ ಲ್ಯುಟ್ಸೋ ಎಂಬ ಮೇಜರ್ ಸ್ವಯಂಸೇವಕರ ಪಡೆ ಕಟ್ಟಿದ. ಬೇರೆ ಬೇರೆ ಸಂಸ್ಥಾನಗಳಿಂದ ವಿದ್ಯಾರ್ಥಿಗಳು, ಕುಶಲಕರ್ಮಿಗಳು ಬಂದು ಸೇರಿದರು. ಬಟ್ಟೆ ಅವರವರೇ ತರಬೇಕು. ಒಬ್ಬನ ಮೈಮೇಲೆ ನೀಲಿ ಕೋಟು, ಇನ್ನೊಬ್ಬನದು ಕಂದು, ಮತ್ತೊಬ್ಬನದು ಬೂದು. ಇಷ್ಟನ್ನೂ ಒಂದೇ ಸಮವಸ್ತ್ರ ಮಾಡುವುದು ಹೇಗೆ? ಎಲ್ಲ ಬಣ್ಣವನ್ನೂ ನುಂಗಿಕೊಳ್ಳುವ ಬಣ್ಣ ಒಂದೇ, ಕಪ್ಪು. ಕೋಟುಗಳೆಲ್ಲ ಹಂಡೆಗೆ ಬಿದ್ದು ಕಪ್ಪಾಗಿ ಎದ್ದವು. ಅಂಚಿಗೆ ಕೆಂಪು ಪಟ್ಟಿ, ಎದೆಗೆ ಹಿತ್ತಾಳೆ ಗುಂಡಿ. ಬಾವುಟದ ಚಿನ್ನ ಮೊದಲು ಹಿತ್ತಾಳೆಯಾಗಿತ್ತು!

ಆ ಕಪ್ಪು ಕೋಟು ತೊಟ್ಟವರಲ್ಲಿ ಆಗಸ್ಟ್ ರೆಂಟ್ಸ್ ಎಂಬ ಹೆಸರಿನವನೊಬ್ಬನಿದ್ದ. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಗ್ಯೋರ್ಡೆ ಕಾಳಗದಲ್ಲಿ ಗಾಯಗೊಂಡು ಬಿದ್ದಾಗಲೇ ಗೊತ್ತಾದದ್ದು, ಅವನು ಗಂಡಸಲ್ಲ. ಪೋಟ್ಸ್‌ಡಾಮ್‌ನ ಸೈನಿಕನೊಬ್ಬನ ಮಗಳು, ಮನೆಗೆಲಸ ಮಾಡಿಕೊಂಡಿದ್ದ ಎಲಿಯೊನೋರ್ ಪ್ರೊಹಾಸ್ಕಾ. ಅಕ್ಟೋಬರ್ 5ರಂದು ತೀರಿಕೊಂಡಳು. 28 ವರ್ಷ. ಅವಳ ಕೋಟಿನ ಕಪ್ಪಿಗೆ ದಾಸ್ಯವೆಂದೋ ಕತ್ತಲೆಯೆಂದೋ ಅರ್ಥ ಹೇಳಲು ಬಾಯಿ ಬರುವುದಿಲ್ಲ. ಅದು ಅವಳು ಮೈ ಮುಚ್ಚಿಕೊಂಡ ಬಟ್ಟೆ.

ಯುದ್ಧ ಮುಗಿಸಿ ಬದುಕಿ ಬಂದವರಲ್ಲಿ ಕೆಲವರು ಯೇನಾ ವಿಶ್ವವಿದ್ಯಾಲಯದ ಬೆಂಚುಗಳಿಗೆ ಮರಳಿದರು. ಅಲ್ಲಿ ಊರಿಗೊಂದು, ಸೀಮೆಗೊಂದು ವಿದ್ಯಾರ್ಥಿ ಸಂಘ, ಪ್ರತಿಯೊಂದಕ್ಕೂ ಬೇರೆ ಬಣ್ಣ. 1815ರ ಜೂನ್ 12ರಂದು ಅವರು ಹಸಿರು ಫರ್ ಮರದ ಹೆಸರಿನ ಛತ್ರವೊಂದರಲ್ಲಿ ಸೇರಿ, ಹಳೆಯ ಬಾವುಟಗಳನ್ನು ಇಳಿಸಿ, ಎಲ್ಲರಿಗೂ ಒಂದೇ ಎಂಬಂತೆ ಬುರ್ಶನ್‌ಶಾಫ್ಟ್ ಎಂಬ ಕೂಟ ಕಟ್ಟಿದರು. ಬಣ್ಣಗಳನ್ನು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ.

ಎರಡು ವರ್ಷದ ಬಳಿಕ, 1817ರ ಅಕ್ಟೋಬರ್ 18ರಂದು, ಸುಮಾರು 500 ವಿದ್ಯಾರ್ಥಿಗಳು ವಾರ್ಟ್‌ಬುರ್ಗ್ ಕೋಟೆ ಹತ್ತಿದರು. ಸ್ವಾತಂತ್ರ್ಯದ ಭಾಷಣಗಳಾದವು. ರಾತ್ರಿ ಕೆಲವರು ರದ್ದಿ ಕಾಗದದ ಕಟ್ಟುಗಳ ಮೇಲೆ ಪುಸ್ತಕಗಳ ಹೆಸರು ಬರೆದು ಬೆಂಕಿಗೆ ಎಸೆದರು. ಯೆಹೂದಿ ಲೇಖಕ ಸೌಲ್ ಆಶರ್‌ನ ಪುಸ್ತಕವೂ ಅದರಲ್ಲಿತ್ತು. ಬಣ್ಣಗಳ ಅರ್ಥ ಹೇಳುವಾಗ ಈ ಬೆಂಕಿಯನ್ನು ಬಿಟ್ಟು ಹೇಳುವುದು ತಪ್ಪು.

1819ರಲ್ಲಿ ಕೂಟಕ್ಕೆ ನಿಷೇಧ ಬಿತ್ತು. ಬಣ್ಣಗಳು ಮಾತ್ರ ಬೀದಿಗೆ ಬಂದವು: 1832ರಲ್ಲಿ ಹಾಂಬಾಖ್ ಮೇಳ, ಆಮೇಲೆ 1848ರ ಕ್ರಾಂತಿ, ಆಮೇಲೆ ವೈಮಾರ್ ಗಣರಾಜ್ಯ. 1933ರಲ್ಲಿ ನಾಜಿಗಳು ಕಿತ್ತರು, 1949ರಲ್ಲಿ ಸಂವಿಧಾನವೇ ಬರೆದುಕೊಂಡಿತು.

ವಾರ್ಟ್‌ಬುರ್ಗಿಗೆ ಹುಡುಗರು ಹೊತ್ತು ನಡೆದ ಬಾವುಟದಲ್ಲಿ ಮೇಲೆ ಕೆಳಗೆ ಕೆಂಪು, ನಡುವೆ ಕಪ್ಪು, ಅದರ ಮೇಲೆ ಚಿನ್ನದ ಬಣ್ಣದ ಓಕ್ ಕೊಂಬೆ. 1816ರ ಮಾರ್ಚ್ 31ರಂದು ಅದನ್ನು ಅವರಿಗೆ ಕೊಟ್ಟವರು ಯೇನಾದ ಹೆಂಗಸರು. ಆ ವಿಶ್ವವಿದ್ಯಾಲಯಕ್ಕೆ ಹೆಣ್ಣುಮಕ್ಕಳು ವಿದ್ಯಾರ್ಥಿಗಳಾಗಿ ಸೇರಲು 1907 ಬರಬೇಕಾಯಿತು.