ಎಣಿಸದೆ ಬರೆದ ನಲವತ್ತು

ಹೊಸಕೋಟೆಯ ದೊಡ್ಡ ಅಮಾನಿಕೆರೆಯನ್ನು ನಾನು ಚಿಕ್ಕಂದಿನಿಂದ ಬಸ್ಸಿನ ಕಿಟಕಿಯಲ್ಲಿ ನೋಡುತ್ತಾ ಬೆಳೆದವನು. ಕೆರೆ ಗೊತ್ತು ಎಂದೇ ತಿಳಿದಿದ್ದೆ. ಕಳೆದ ನವೆಂಬರ್‌ನಲ್ಲಿ ಜೀವಶಾಸ್ತ್ರದ ಸರ್, "ಕೆರೆಯ ಹಕ್ಕಿ ಎಣಿಸಲು ಯಾರು ಬರುತ್ತೀರಿ?" ಎಂದು ಕೇಳಿದಾಗ ಆರು ಮಂದಿ ಕೈ ಎತ್ತಿದೆವು.

ಪ್ರತಿ ಭಾನುವಾರ ಫಜರ್ ನಮಾಜ್ ಮುಗಿಸಿ ಕೆರೆ ಏರಿಯ ಮೇಲೆ ಸೇರುತ್ತಿದ್ದೆವು. ಇಬ್ಬರಿಗೊಂದು ದುರ್ಬೀನು, ಒಂದು ನೋಟ್‌ಬುಕ್. ದಿನಾಂಕ, ಸಮಯ, ನಿಂತ ಜಾಗ, ಹಕ್ಕಿಯ ಹೆಸರು, ಸಂಖ್ಯೆ ಬರೆಯಬೇಕು. ನೀರುಕಾಗೆ, ಬೆಳ್ಳಕ್ಕಿ, ಹೆಜ್ಜಾರ್ಲೆ, ಹಣೆಯ ಮೇಲೆ ಬಿಳಿ ನಾಮವಿರುವ ಕಪ್ಪು ನಾಮದ ಕೋಳಿ, ಹೀಗೆ ಒಂದೊಂದೇ ಪರಿಚಯವಾದವು.

ಎಣಿಕೆ ಮುಗಿದ ಮೇಲೆ ದಡದ ಪ್ಲಾಸ್ಟಿಕ್ ಮತ್ತು ಹರಿದ ಬಲೆಯ ತುಂಡುಗಳನ್ನು ಚೀಲಕ್ಕೆ ತುಂಬುತ್ತಿದ್ದೆವು. ಬಲೆಯ ದಾರಕ್ಕೆ ಕಾಲು ಸಿಕ್ಕಿದರೆ ಹಕ್ಕಿ ಹಾರಲಾರದು. ಒಮ್ಮೆ ಉತ್ಸಾಹದಲ್ಲಿ ಜೊಂಡನ್ನೂ ಕೀಳಲು ಹೊರಟಾಗ ಸರ್ ತಡೆದರು. "ಅದು ಕಸವಲ್ಲಪ್ಪ, ಹಕ್ಕಿಗಳ ಮನೆ. ನಾಮದ ಕೋಳಿ ಗೂಡು ಕಟ್ಟುವುದು ಅಲ್ಲೇ" ಎಂದರು.

ಪಟ್ಟೆತಲೆ ಹೆಬ್ಬಾತು ಹಿಮಾಲಯವನ್ನು ದಾಟಿ ಕರ್ನಾಟಕದ ಕೆರೆಗಳಿಗೆ ಬರುತ್ತದೆ ಎಂದು ಕೇಳಿದ ಮೇಲೆ ನನಗೆ ಬೇರೆ ಹಕ್ಕಿ ಬೇಡವಾಯಿತು. ಒಂದು ಭಾನುವಾರ ಪೂರ್ತಿ ಅದನ್ನೇ ಹುಡುಕಿದೆ. ಸಿಗಲಿಲ್ಲ. ಹೊರಡುವ ಹೊತ್ತಿಗೆ ನನ್ನ ಪಾಲಿನ ಪುಟ ಖಾಲಿ. ಸುಮ್ಮನೆ "ನಾಮದ ಕೋಳಿ 40" ಎಂದು ಬರೆದುಬಿಟ್ಟೆ.

ಮುಂದಿನ ವಾರ ಅದೇ ಜಾಗದಲ್ಲಿ ನಿಜವಾಗಿ ಎಣಿಸಿದಾಗ ಸಿಕ್ಕಿದ್ದು 11. ಸರ್ ಎರಡೂ ಪುಟ ನೋಡಿ ಗಾಬರಿಯಾದರು. "ಉಳಿದ 29 ಎಲ್ಲಿ ಹೋದವು? ನೀರು ಕೆಟ್ಟಿತೇ? ಯಾರಾದರೂ ಹಿಡಿದರೇ?" ಎಂದು ದಡವೆಲ್ಲ ಸುತ್ತಿದರು. ನಾನು ಬಾಯಿ ಬಿಡಲಿಲ್ಲ.

ರಾತ್ರಿ ಅಮ್ಮಿಗೆ ಹೇಳಿದೆ. "ಕಣ್ಣಾರೆ ನೋಡದ್ದಕ್ಕೆ ಸಾಕ್ಷಿ ಹೇಳಿದ್ದೀಯಲ್ಲ ಮಗನೇ, ಹೋಗಿ ಒಪ್ಪಿಕೋ" ಎಂದರು ಅವರು.

ಮರುದಿನ ಒಪ್ಪಿಕೊಂಡೆ. ಸರ್ ಬೈಯಲಿಲ್ಲ. ಸಲೀಂ ಅಲಿ ಸಾಹೇಬರು 1939-40ರಲ್ಲಿ ನಮ್ಮ ಹಳೆಯ ಮೈಸೂರು ಸೀಮೆಯನ್ನು ಸುತ್ತಿ ಹಕ್ಕಿಗಳ ಸಮೀಕ್ಷೆ ಮಾಡಿದ್ದನ್ನು ಹೇಳಿದರು. "ಆಗ ಇಲ್ಲಿ ಯಾವ ಹಕ್ಕಿ ಇತ್ತು ಎಂದು ಇಂದು ನಮಗೆ ಗೊತ್ತಿರುವುದು ಅವರು ಕಂಡದ್ದನ್ನು ಬರೆದದ್ದರಿಂದ. ಅವರೂ ಅಂದಾಜಿನಲ್ಲಿ ಬರೆದಿದ್ದರೆ?" ಎಂದರು. ಆ 40ನ್ನು ಅಳಿಸಲು ಬಿಡಲಿಲ್ಲ. ಒಂದು ಗೆರೆ ಎಳೆದು ಪಕ್ಕದಲ್ಲಿ "ಎಣಿಸಿಲ್ಲ" ಎಂದು ಬರೆಸಿದರು. ಅದು ಈಗಲೂ ಅಲ್ಲಿದೆ.

ಕೆರೆಗೆ ಕೆಡುಕಾದರೆ ಹಕ್ಕಿಗಳು ಅರ್ಜಿ ಬರೆಯುವುದಿಲ್ಲ. ಅವು ಕಡಿಮೆಯಾಗುತ್ತವೆ, ಅಷ್ಟೇ. ಅದು ತಿಳಿಯಬೇಕಾದರೆ ಹಿಂದಿನ ಲೆಕ್ಕ ನಿಜವಾಗಿರಬೇಕು. ಸುಳ್ಳು ಲೆಕ್ಕವಿದ್ದರೆ, ನಾಳೆ ನಿಜವಾಗಿ 29 ಹಕ್ಕಿ ಕಾಣೆಯಾದಾಗ ನಮ್ಮನ್ನು ಯಾರು ನಂಬುತ್ತಾರೆ?

ಏಷ್ಯಾದ ನೀರುಹಕ್ಕಿಗಳ ಗಣತಿ ಪ್ರತಿ ವರ್ಷ ಜನವರಿಯಲ್ಲಿ ನಡೆಯುತ್ತದೆ. ಅಷ್ಟರೊಳಗೆ ನಮ್ಮ ಗುಂಪಿಗೆ ಇನ್ನಷ್ಟು ಮಂದಿ ಬೇಕು. ಮೊದಲ ವರ್ಷದ ತಮ್ಮ ತಂಗಿಯರೇ, ಭಾನುವಾರ ಬೆಳಿಗ್ಗೆ ಬನ್ನಿ. ಹೆಬ್ಬಾತು ನನಗೆ ಇನ್ನೂ ಕಂಡಿಲ್ಲ. ಕಾಣದ ದಿನ ಪುಟದಲ್ಲಿ ಸೊನ್ನೆ ಬರೆಯುತ್ತೇನೆ.