ಅಪ್ಪನ ಕಂಪ್ಯೂಟರಿಗೆ ಟ್ರೋಜನ್ ಬಂದಿದ್ದು

ಅಪ್ಪ ಬೆಳಿಗ್ಗೆ ಹನ್ನೊಂದು ಗಂಟೆಗೆ ಫೋನ್ ಮಾಡೋನೇ ಅಲ್ಲ. ಮಾಡಿದ ಅಂದ್ರೆ ಊರಲ್ಲಿ ಯಾರೋ ಹೋಗಿಬಿಟ್ಟಿದ್ದಾರೆ ಅಂತಲೇ ಲೆಕ್ಕ. ಮೀಟಿಂಗಿನಿಂದ ಎದ್ದು ಹೊರಗೆ ಬಂದು "ಏನಪ್ಪಾ?" ಅಂದೆ.

"ಮಳೆ ಹೋಯ್ತು ಕಣೋ" ಅಂದ.

ಮಳೆ ಅಂದರೆ ಅಪ್ಪನ ಮಳೆ ಲೆಕ್ಕ. ತಿಪಟೂರಿನಿಂದ ಸ್ವಲ್ಪ ದೂರದ ನಮ್ಮ ಊರಿನ ಸ್ಕೂಲಿನಲ್ಲಿ ಮೇಷ್ಟ್ರಾಗಿದ್ದ ಅಪ್ಪ, 1984ರಿಂದ ಒಂದು ದಿನವೂ ಬಿಡದೆ ಮಳೆ ಬರೆದಿಟ್ಟಿದ್ದಾನೆ. ಯಾವ ನಕ್ಷತ್ರ, ಹದ ಮಳೆಯೋ ಬರೀ ಸೋನೆಯೋ, ರಾಗಿ ಯಾವತ್ತು ಬಿತ್ತಿದ್ದು, ತೆಂಗಿಗೆ ನೀರು ಬಿಟ್ಟಿದ್ದು ಯಾವಾಗ, ಎಲ್ಲಾ. ರಿಟೈರ್ ಆದಮೇಲೆ ನಾನೇ ಒಂದು ಕಂಪ್ಯೂಟರ್ ತಂದುಕೊಟ್ಟು ಬರಹದಲ್ಲಿ ಟೈಪ್ ಮಾಡೋದು ಹೇಳಿಕೊಟ್ಟಿದ್ದೆ. ಎರಡು ವರ್ಷ ಕೂತು ಒಂದೇ ಬೆರಳಲ್ಲಿ ಅಷ್ಟನ್ನೂ ಕುಟ್ಟಿದ. ಕುಟ್ಟಿ ಮುಗಿದ ಪುಸ್ತಕಗಳನ್ನು ಅಟ್ಟಕ್ಕೆ ಹಾಕಿದ. ಅಟ್ಟದಲ್ಲಿ ಗೆದ್ದಲು ಬಂತು. ಹಾಗಾಗಿ ಉಳಿದಿದ್ದು ಕಂಪ್ಯೂಟರಿನಲ್ಲಿರೋದು ಮಾತ್ರ.

"ಪೇಟೆ ಅಂಗಡಿಯವ್ನು ಫಾರ್ಮ್ಯಾಟ್ ಮಾಡ್ಕೊಡ್ತೀನಿ ಅಂತವ್ನೆ, ಕಳಿಸ್ಲಾ?"

"ಬೇಡಪ್ಪಾ! ಸ್ವಿಚ್ ಆರಿಸಿ ಸುಮ್ನೆ ಬಿಟ್ಬಿಡು. ಹಬ್ಬಕ್ಕೆ ಬರ್ತೀನಲ್ಲ."

ಫಾರ್ಮ್ಯಾಟ್ ಅಂದರೆ ಮನೆಗೆ ಹಾವು ಬಂತು ಅಂತ ಮನೆಗೇ ಬೆಂಕಿ ಇಟ್ಟ ಹಾಗೆ. ಹಾವು ಹೋಗುತ್ತೆ ನಿಜ.

ಸಂಕ್ರಾಂತಿಗೆ ಊರಿಗೆ ಹೋದೆ. ಎಳ್ಳು ಬೆಲ್ಲ ಕೈಗೆ ಕೊಡುತ್ತಲೇ ಅಪ್ಪ ಅಪರಾಧಿಯನ್ನೂ ಹೇಳಿದ. ಹಿಂದಿನ ಬೀದಿಯ ಹುಡುಗ, ಎಸ್ಸೆಸ್ಸೆಲ್ಸಿ ಓದುವವನು, ದಸರಾ ರಜೆಯಲ್ಲಿ ಕಂಪ್ಯೂಟರ್ ಕಲಿಯೋಕೆ ಅಂತ ನಮ್ಮನೆಗೆ ಬರುತ್ತಿದ್ದನಂತೆ. ಪೆನ್ ಡ್ರೈವ್ ತಂದು ಹಾಕಿದನಂತೆ. ಆಮೇಲೇ ಶುರುವಾಗಿದ್ದು. "ಇನ್ನು ಮೇಲೆ ನಮ್ಮನೆ ಹೊಸಿಲು ತುಳೀಬೇಡ ಅಂದ್ಬಿಟ್ಟೆ" ಅಂದ. ಅಮ್ಮ ಒಲೆ ಮುಂದಿನಿಂದಲೇ, "ಪಾಪದ ಮಗ ಅದು, ಅಳ್ತಾ ಹೋಯ್ತು" ಅಂದಳು. ನಾನೂ ಅಪ್ಪನ ಕಡೆಗೇ ತಲೆ ಆಡಿಸಿದೆ. ನಮ್ಮ ದೇಶದಲ್ಲಿ ವೈರಸ್ ಓಡಾಡೋದೇ ಪೆನ್ ಡ್ರೈವ್ ಮೇಲೆ ಅಂತ ನಾನೇ ಎಷ್ಟು ಜನಕ್ಕೆ ಭಾಷಣ ಮಾಡಿದ್ದೇನೋ.

ರಾತ್ರಿ ಊಟ ಆದಮೇಲೆ ಕೂತೆ. ವಿಂಡೋಸ್ ಎಕ್ಸ್‌ಪಿ. ಮಳೆ ಫೋಲ್ಡರ್ ಕಾಣುತ್ತಿತ್ತು, ಒತ್ತಿದರೆ ಏನೂ ಇಲ್ಲ. ಡಿಟೇಲ್ಸ್ ಹಾಕಿ ನೋಡಿದರೆ ಒಂದೊಂದು ಫೋಲ್ಡರಿನ ಮುಂದೆಯೂ 'ಅಪ್ಲಿಕೇಶನ್' ಅಂತ ಇದೆ, ಎಲ್ಲದಕ್ಕೂ ಒಂದೇ ಸೈಜು. ಅಂದರೆ ಇವು ಫೋಲ್ಡರುಗಳೇ ಅಲ್ಲ. ಫೋಲ್ಡರಿನ ಹಳದಿ ಚಿತ್ರ ಅಂಟಿಸಿಕೊಂಡ ಡಾಟ್ ಇಎಕ್ಸ್‌ಇ ಫೈಲುಗಳು. ಒಂದು ಸಲ ಒತ್ತಿದರೆ ಅದನ್ನು ನಾವೇ ಓಡಿಸಿದ ಹಾಗೆ. ಗ್ರೀಕರು ಮರದ ಕುದುರೆ ಬಿಟ್ಟು ಹೋದಾಗ ಟ್ರಾಯ್‌ನವರು ತಾವೇ ಎಳೆದು ಊರೊಳಗೆ ತಂದರಲ್ಲ, ಹೆಸರು ಬಂದಿದ್ದೇ ಅಲ್ಲಿಂದ. ಪುಸ್ತಕದ ಪ್ರಕಾರ ತಾನಾಗಿ ಹರಡೋದು ವರ್ಮ್, ವೇಷ ಹಾಕಿ ಒಳಗೆ ಬರೋದು ಟ್ರೋಜನ್. ನಮ್ಮನೆಗೆ ಬಂದಿದ್ದಕ್ಕೆ ಎರಡೂ ಬುದ್ಧಿ ಇತ್ತು. ಟಾಸ್ಕ್ ಮ್ಯಾನೇಜರ್ ತೆರೆಯೋಲ್ಲ, ರಿಜಿಸ್ಟ್ರಿ ತೆರೆಯೋಲ್ಲ, ಅಡಗಿದ ಫೈಲು ತೋರಿಸುವ ಫೋಲ್ಡರ್ ಆಪ್ಷನ್ಸ್ ಮೆನುವಿನಿಂದಲೇ ಮಾಯ.

ಗುಣಪಡಿಸೋದು ಆಮೇಲೆ, ಮೊದಲು ಮಳೆ ಉಳಿಸಬೇಕು. ಉಬುಂಟು ಸಿಡಿ ಹಾಕಿ ಅದರಿಂದಲೇ ಬೂಟ್ ಮಾಡಿದೆ. ಈ ದಾರಿಯಲ್ಲಿ ಹೋದರೆ ವಿಂಡೋಸ್ ಏಳೋದೇ ಇಲ್ಲ, ಅದರ ಜೊತೆ ವೈರಸ್ಸೂ ಏಳೋಲ್ಲ. ಡಿ ಡ್ರೈವ್ ತೆರೆದೆ. ನಕಲಿಯ ಪಕ್ಕದಲ್ಲೇ ಅಸಲಿ ಫೋಲ್ಡರ್! ವೈರಸ್ ಅದನ್ನು ಅಳಿಸಿರಲಿಲ್ಲ, ಹಿಡನ್ ಮಾಡಿ ಮುಚ್ಚಿಟ್ಟಿತ್ತು ಅಷ್ಟೆ. ಒಳಗೆ 1984, 1985, ಸಾಲಾಗಿ ಅಷ್ಟೂ ವರ್ಷ. ಅಪ್ಪ ಕುರ್ಚಿಯ ಹಿಂದೆ ಬ್ಯಾಟರಿ ಹಿಡಿದು ನಿಂತಿದ್ದ, ಕರೆಂಟ್ ಇದ್ದರೂ. "ಐತಾ?" ಅಂದ. "ಐತೆ" ಅಂದೆ. ಹೋಗಿ ಮಲಗಿಕೊಂಡ.

ಫೈಲುಗಳನ್ನು ನನ್ನ ಹಾರ್ಡ್ ಡಿಸ್ಕಿಗೆ ಹಾಕಿಕೊಂಡಮೇಲೆ ಧೈರ್ಯ ಬಂತು. ಎಫ್8 ಒತ್ತಿ ಸೇಫ್ ಮೋಡಿಗೆ ಹೋದೆ. ಸಿಸ್ಟಮ್ ರಿಸ್ಟೋರ್ ಬಂದ್ ಮಾಡಿದೆ, ಯಾಕೆಂದರೆ ಹಳೇ ರಿಸ್ಟೋರ್ ಪಾಯಿಂಟಿನೊಳಗೂ ಇವು ಉಳಿದುಕೊಂಡಿರುತ್ತವೆ. ಬೆಂಗಳೂರಿನಿಂದ ಸಿಡಿಯಲ್ಲಿ ತಂದಿದ್ದ ಸ್ಕ್ಯಾನರ್ ಬಿಟ್ಟೆ. ಅರ್ಧ ದಾಟುವಷ್ಟರಲ್ಲಿ ಕರೆಂಟ್ ಹೋಯ್ತು, ಯುಪಿಎಸ್ ಹತ್ತು ನಿಮಿಷ ಕಿರುಚಿ ಸತ್ತಿತು. ಮಾರನೇ ರಾತ್ರಿ ಮತ್ತೆ ಮೊದಲಿಂದ. ಅಟ್ರಿಬ್ ಕಮಾಂಡ್ ಕೊಟ್ಟು ಫೋಲ್ಡರುಗಳ ಮುಸುಕು ತೆಗೆದಿದ್ದು ಬೆಳಗಿನ ಜಾವ ಎರಡಕ್ಕೆ.

ಅಷ್ಟಕ್ಕೇ ಮಲಗಬಹುದಿತ್ತು. ಆದರೆ ಸ್ಕ್ಯಾನರ್ ಕೊಟ್ಟ ಪಟ್ಟಿಯನ್ನು ಸುಮ್ಮನೆ ನೋಡುತ್ತಾ ಹೋದೆ. ಹಿಡಿದಿಟ್ಟ ಫೈಲುಗಳಲ್ಲಿ ಹೆಚ್ಚಿನವು ಅಕ್ಟೋಬರಿನವು. ಎಲ್ಲಕ್ಕಿಂತ ಹಳೆಯದು, ಸಿಸ್ಟಮ್ ಫೋಲ್ಡರಿನಲ್ಲಿ ಕೂತಿದ್ದ ಮೂಲ ಫೈಲು, ಹುಟ್ಟಿದ್ದು 2010ರ ಸೆಪ್ಟೆಂಬರ್ 11, ರಾತ್ರಿ ಹತ್ತೂ ಮುಕ್ಕಾಲು. ಕಂಪ್ಯೂಟರಿನ ಗಡಿಯಾರ ತಪ್ಪಿರಬಹುದು ಅಂತ ಆಸೆಯಿಂದ ನೋಡಿದೆ. ಸರಿಯಾಗಿಯೇ ಇತ್ತು.

ಮಳೆ ಫೋಲ್ಡರ್ ತೆರೆದು ಆ ದಿನಕ್ಕೆ ಹೋದೆ. ಅಪ್ಪ ಬರೆದಿದ್ದ: "ಪುಬ್ಬೆ. ಸಂಜೆಯಿಂದ ಸೋನೆ. ಗಣೇಶನ ಹಬ್ಬ. ಮಗ ಬಂದಿದ್ದಾನೆ."

ನೆನಪಾಯ್ತು. ತಂಗಿ ಮದುವೆಯ ವಿಡಿಯೋ ಅಪ್ಪನ ಕಂಪ್ಯೂಟರಿನಲ್ಲಿ ಓಡುತ್ತಿರಲಿಲ್ಲ. ಅದಕ್ಕೆ ಒಂದು ಕನ್ವರ್ಟರ್, ದುಡ್ಡು ಕೊಟ್ಟು ಕೊಳ್ಳಬೇಕಾದದ್ದನ್ನು ಕ್ರ್ಯಾಕ್ ಸಮೇತ ಎಲ್ಲಿಂದಲೋ ಇಳಿಸಿ, ನನ್ನ ಪೆನ್ ಡ್ರೈವಿನಲ್ಲಿ ತಂದು ಹಾಕಿದ್ದೆ. ಆಂಟಿವೈರಸ್ ತಕರಾರು ತೆಗೆದಾಗ, ಕ್ರ್ಯಾಕ್ ಅಂದ್ರೆ ಇದು ಹೀಗೇ ಕೂಗೋದು ಅಂತ ಅದರ ಬಾಯಿಯನ್ನೂ ಮುಚ್ಚಿಸಿದ್ದೆ. ಆಫೀಸಿನಲ್ಲಿ ಲೈಸೆನ್ಸ್ ಇಲ್ಲದ ಸಾಫ್ಟ್‌ವೇರ್ ಬಳಸೋಲ್ಲ ಅಂತ ವರ್ಷವರ್ಷ ಸೈನ್ ಹಾಕೋನು ನಾನು. ಹುಡುಗ ಪೆನ್ ಡ್ರೈವ್ ತಂದಿದ್ದು ಅದಾಗಿ ಒಂದು ತಿಂಗಳಿಗೆ. ಅವನಿಂದ ನಮಗೆ ಬಂದಿದ್ದಲ್ಲ, ನಮ್ಮಿಂದ ಅವನಿಗೆ ಹೋಗಿದ್ದು.

ಹೇಳದೆ ಬಸ್ ಹತ್ತಬಹುದಿತ್ತು. ಬೆಳಿಗ್ಗೆ ಕಾಫಿ ಕುಡಿಯೋವರೆಗೂ ಅದೇ ಯೋಚನೆಯಲ್ಲಿದ್ದೆ, ಸುಳ್ಳು ಯಾಕೆ ಹೇಳಲಿ. ಅಪ್ಪ ಮಾತ್ರ ಬೆಳಿಗ್ಗೆಯೇ 2010ನ್ನು ತೆರೆದು ಓದುತ್ತಾ ಕೂತಿದ್ದ. ಆ ಸಾಲು ತೋರಿಸಿ, ತಾರೀಖು ತೋರಿಸಿ, ಎಲ್ಲಾ ಹೇಳಿದೆ. ಅಪ್ಪ ಕನ್ನಡಕ ತೆಗೆದ. ಬೈಯಲಿಲ್ಲ. ಪಂಚೆ ಸರಿಮಾಡಿಕೊಂಡು ಎದ್ದು, "ನಡಿ" ಅಂದ.

ಹುಡುಗನ ಮನೆ ಮುಂದೆ ಅವನ ತಾಯಿ ಕೊಬ್ಬರಿ ಒಡೆಯುತ್ತಿದ್ದರು. "ಬನ್ನಿ ಮೇಷ್ಟ್ರೇ" ಅಂದರೂ ದನಿಯಲ್ಲಿ ಬಿಗಿ ಇತ್ತು. ಸೈಬರ್ ಸೆಂಟರಿನವನೂ ಹುಡುಗನಿಗೆ ಪೆನ್ ಡ್ರೈವ್ ತರಬೇಡ ಅಂತ ಗದರಿದ್ದನಂತೆ. ಅಪ್ಪ ನಿಂತೇ ಹೇಳಿದ, "ತಪ್ಪು ನಮ್ದೇ ಕಣಮ್ಮ. ನನ್ ಮಗನೇ ತಂದಾಕಿದ್ದು."

ನಾನು ಕೊಬ್ಬರಿ ಚಿಪ್ಪಿನ ರಾಶಿ ನೋಡುತ್ತಾ ನಿಂತಿದ್ದೆ.

ಹುಡುಗ ಒಳಗಿಂದ ಜಾಮಿಟ್ರಿ ಬಾಕ್ಸ್ ತಂದ. ಅದರೊಳಗೆ ಕಾಗದದಲ್ಲಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದ ಪೆನ್ ಡ್ರೈವ್. "ಅಣ್ಣ, ಇದ್ನೂ ನೋಡ್ಕೊಡ್ತೀರಾ? ನನ್ ನೋಟ್ಸ್ ಎಲ್ಲಾ ಇದ್ರಲ್ಲೇ ಐತೆ."

ಮೂವರೂ ನಮ್ಮನೆಗೆ ಬಂದೆವು. ಶಿಫ್ಟ್ ಕೀ ಒತ್ತಿ ಹಿಡಿದುಕೊಂಡು ಪೆನ್ ಡ್ರೈವ್ ಚುಚ್ಚಿದರೆ ಆಟೋರನ್ ಶುರುವಾಗೋಲ್ಲ ಅಂತ ತೋರಿಸಿದೆ. ಸಂಶಯ ಬಂದ ಫೋಲ್ಡರಿಗೆ ಡಿಟೇಲ್ಸ್ ಹಾಕಿ ನೋಡು ಅಂದೆ. ಹುಡುಗ ಮೊದಲ ಸಲಕ್ಕೇ ಕಲಿತ. ಅಪ್ಪನಿಗೆ ಮೂರು ಸಲ ಹೇಳಬೇಕಾಯ್ತು.

ಈಗ ತಿಂಗಳಿಗೊಮ್ಮೆ ಮಳೆ ಫೋಲ್ಡರನ್ನು ಸಿಡಿಗೆ ಹಾಕುವ ಕೆಲಸ ಆ ಹುಡುಗನದು. ಅಪ್ಪ ದಿನದ ಮಳೆಯನ್ನು ಮೊದಲು ನೋಟ್ ಬುಕ್ಕಿನಲ್ಲೇ ಬರೆದುಕೊಳ್ಳುತ್ತಾನೆ. ಯುಗಾದಿಗೆ ಹೋದಾಗ ನನ್ನ ಬ್ಯಾಗಿನಿಂದ ಪೆನ್ ಡ್ರೈವ್ ತೆಗೆದೆ. ಅಪ್ಪ ಪೇಪರ್ ಓದುತ್ತಿದ್ದವನು ತಲೆ ಎತ್ತದೆಯೇ, "ಶಿಫ್ಟ್ ಒತ್ಕೊಂಡು ಹಾಕು" ಅಂದ.